ಸ್ಪೇನಿನ ವಸಾಹತು ನಾಣ್ಯಗಳು: ಅವುಗಳ ಸಂಗ್ರಹ ಮತ್ತು ಪರೀಕ್ಷೆ

ನಾಣ್ಯಸಂಗ್ರಹವೆಂದರೆ ಹಣವಂತರ ಹವ್ಯಾಸ, ಉಳಿದವರಿಗೆ ಅದರಿಂದ ಆಗಬೇಕಾದುದೇನೂ ಇಲ್ಲ ಎಂಬ ಭಾವನೆ ನಮ್ಮಲ್ಲಿ ಬಹುಮಂದಿಗೆ ಉಂಟು. ಅರ್ಥಶಾಸ್ತ್ರದ ತರಗತಿಯಲ್ಲಿ ಹದಿನಾರನೆಯ ಶತಮಾನದ ಯೂರೋಪಿನ ಬೆಲೆಯೇರಿಕೆಯ ವಿಷಯ ಬರುವವರೆಗೆ ನನಗೂ ಹಾಗೆಯೇ ತೋರಿತ್ತು. ಅಮೆರಿಕದ ಬೆಳ್ಳಿ ಯೂರೋಪಿಗೆ ಹರಿದುಬಂದು ಬೆಲೆಗಳು ಏರಿದುವೆಂದು ಪಠ್ಯಪುಸ್ತಕಗಳು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತವೆ. ಆ ಬೆಳ್ಳಿ ಯಾವ ರೂಪದಲ್ಲಿ ಬಂದಿತು, ಯಾರ ಕೈದಾಟಿ ಬಂದಿತು, ಅದು ಚೊಕ್ಕ ಬೆಳ್ಳಿಯೇ ಹೌದೆಂದು ಯಾರು ಹೇಳಿದರು ಎಂಬ ಪ್ರಶ್ನೆಗಳನ್ನು ಹಿಡಿದು ಹೊರಟರೆ ಮಾತ್ರ ನಾವು ಬೇಡವೆಂದರೂ ನಾಣ್ಯಸಂಗ್ರಾಹಕರ ಬಾಗಿಲಿಗೇ ಹೋಗಿ ನಿಲ್ಲಬೇಕಾಗುತ್ತದೆ. ಏಕೆಂದರೆ ಆ ಪ್ರಶ್ನೆಗಳಿಗೆ ಉತ್ತರ ನಾಣ್ಯಗಳ ಮೇಲೆಯೇ ಅಚ್ಚಾಗಿದೆ. ಅದನ್ನು ಓದಲು ಬಲ್ಲವರು ಅವರು.

ಸ್ಪೇನಿನ ರಾಜರು ಅಮೆರಿಕದ ತಮ್ಮ ವಸಾಹತುಗಳಲ್ಲಿ ಸುಮಾರು ಮುನ್ನೂರು ವರ್ಷಗಳ ಕಾಲ ಹೊಡೆಸಿದ ಬೆಳ್ಳಿ ಬಂಗಾರದ ನಾಣ್ಯಗಳೇ ಈ ಲೇಖನದ ವಿಷಯ. ಬೆಳ್ಳಿಯದು ರೆಯಾಲ್, ಬಂಗಾರದ್ದು ಎಸ್ಕೂಡೊ. ಎಂಟು ರೆಯಾಲುಗಳ ದೊಡ್ಡ ಬೆಳ್ಳಿಯ ನಾಣ್ಯವನ್ನೇ ಪೆಸೊ ಎಂದೂ, ಇಂಗ್ಲಿಷರು ಸ್ಪ್ಯಾನಿಷ್ ಡಾಲರ್ ಎಂದೂ ಕರೆದರು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೮೫೭ರವರೆಗೆ ಇದು ಕಾಯಿದೆಬದ್ಧ ಚಲಾವಣೆಯ ಹಣವಾಗಿತ್ತು ಎಂದರೆ ಅದರ ವ್ಯಾಪ್ತಿ ಎಷ್ಟಿತ್ತೆಂದು ಊಹಿಸಬಹುದು. ಚೀನದ ವರ್ತಕರು ಅದನ್ನು ಪರೀಕ್ಷಿಸಿ ತಮ್ಮ ತಮ್ಮ ಮುದ್ರೆಗಳನ್ನು ಅದರ ಮೇಲೆಯೇ ಒತ್ತಿ ಮುಂದಕ್ಕೆ ಕೊಡುತ್ತಿದ್ದರು. ಭೂಮಂಡಲದ ನಾಲ್ಕು ಮೂಲೆಗಳಲ್ಲಿಯೂ ನಡೆದ ಮೊದಲ ನಾಣ್ಯವೆಂದು ಇದನ್ನು ಕರೆಯುವುದು ತಪ್ಪಾಗಲಾರದು.

ಇದರ ಮೂಲ ೧೪೯೭ರಷ್ಟು ಹಿಂದಿನದು. ಆ ವರ್ಷ ಫರ್ಡಿನೆಂಡ್ ಮತ್ತು ಇಸಬೆಲಾ ದಂಪತಿಗಳು ಮೆದಿನಾ ದೆಲ್ ಕಾಂಪೊ ಎಂಬಲ್ಲಿ ಹೊರಡಿಸಿದ ಶಾಸನದಂತೆ, ಒಂದು ಮಾರ್ಕ್ ತೂಕದ ಬೆಳ್ಳಿಯಿಂದ, ಎಂದರೆ ಸುಮಾರು ೨೩೦ ಗ್ರಾಮಿನಿಂದ, ೬೭ ರೆಯಾಲುಗಳನ್ನು ಮಾಡಬೇಕು. ಸಾವಿರ ಭಾಗದಲ್ಲಿ ೯೩೧ ಭಾಗ ಚೊಕ್ಕ ಬೆಳ್ಳಿಯಿರಬೇಕು. ಲೆಕ್ಕ ಮಾಡಿದರೆ ಎಂಟು ರೆಯಾಲಿನ ನಾಣ್ಯ ೨೭.೪೭ ಗ್ರಾಂ ತೂಗಬೇಕಾಯಿತು. ಮುಂದೆ ಸಮುದ್ರದಾಚೆ ಮೆಕ್ಸಿಕೊ ನಗರದಲ್ಲಿ ೧೫೩೬ರಲ್ಲಿಯೂ, ಲೀಮಾದಲ್ಲಿ ೧೫೬೮ರಲ್ಲಿಯೂ, ಪೊಟೊಸಿಯಲ್ಲಿ ೧೫೭೪ರಲ್ಲಿಯೂ ಟಂಕಸಾಲೆಗಳು ನಡೆಯತೊಡಗಿದಾಗ ಇದೇ ಅಳತೆ ಅಲ್ಲಿಗೂ ಹೋಯಿತು. ಬೊಗೊಟಾ, ಗ್ವಾಟೆಮಾಲಾ, ಸ್ಯಾಂಟಿಯಾಗೊ ಮೊದಲಾದ ಊರುಗಳ ಟಂಕಸಾಲೆಗಳು ಅನಂತರದವು.

ಇವುಗಳಲ್ಲಿ ಪೊಟೊಸಿಯ ಕಥೆಯೇ ಬೇರೆ. ಇಂದಿನ ಬೊಲಿವಿಯದಲ್ಲಿ, ಸಮುದ್ರಮಟ್ಟದಿಂದ ೪೦೦೦ ಮೀಟರಿಗೂ ಎತ್ತರದಲ್ಲಿರುವ ಈ ಊರಿನ ತಲೆಯ ಮೇಲೆ ಬೆಳ್ಳಿಯ ಬೆಟ್ಟವೊಂದಿದೆ. ಅಲ್ಲಿ ಬೆಳ್ಳಿ ಕಂಡದ್ದು ೧೫೪೫ರಲ್ಲಿ. ಮರಗಿಡ ಬೆಳೆಯದ ಆ ಚಳಿನಾಡಿನಲ್ಲಿ ಎರಡು ತಲೆಮಾರು ಕಳೆಯುವುದರೊಳಗೆ ಲಕ್ಷಕ್ಕೂ ಮೀರಿದ ಜನ ಸೇರಿದರು. ಸೇರಿದವರೆಲ್ಲ ತಾವಾಗಿ ಬಂದವರಲ್ಲ. ವೈಸರಾಯ್ ಫ್ರಾನ್ಸಿಸ್ಕೊ ಡೆ ಟೊಲೆಡೊ ೧೫೭೩ರಲ್ಲಿ 'ಮಿತ' ಎಂಬ ಬಿಟ್ಟಿಯ ಪದ್ಧತಿಯನ್ನು ಗಣಿಗೆ ತಂದನು. ಗೊತ್ತುಮಾಡಿದ ಪ್ರಾಂತಗಳ ಮೂಲನಿವಾಸಿಗಳಲ್ಲಿ ಏಳು ಮಂದಿ ಗಂಡಸರಿಗೆ ಒಬ್ಬನಂತೆ, ವರ್ಷಕ್ಕೆ ಸುಮಾರು ೧೩,೦೦೦ ಜನ ಸರದಿಯ ಮೇಲೆ ಬೆಟ್ಟಕ್ಕೆ ಬರಬೇಕಾಯಿತು. ಅವರು ಕತ್ತಲೆಯ ಸುರಂಗಗಳಿಂದ ಅದುರನ್ನು ಬೆನ್ನ ಮೇಲೆ ಹೊತ್ತು ಏಣಿ ಹತ್ತಿ ಮೇಲೆ ತಂದರು. ಪುಡಿಮಾಡಿದ ಅದುರಿಗೆ ಉಪ್ಪು ಮತ್ತು ಪಾದರಸ ಬೆರೆಸಿ ಬೆಳ್ಳಿಯನ್ನು ಬಿಡಿಸುತ್ತಿದ್ದರು. ಆ ಪಾದರಸವೂ ಪೆರುವಿನ ವಾಂಕಾವೆಲಿಕಾ ಎಂಬ ಇನ್ನೊಂದು ಗಣಿಯದು, ಅಲ್ಲಿಯೂ ಇದೇ ಬಿಟ್ಟಿ. ಟಂಕಸಾಲೆಯೊಳಗೆ ಆಫ್ರಿಕದಿಂದ ತಂದ ಗುಲಾಮರು ದುಡಿದರು. ಇಂದು ಹರಾಜಿನ ಪಟ್ಟಿಯಲ್ಲಿ ಪೊಟೊಸಿಯ ನಾಣ್ಯವನ್ನು 'ಸುಂದರ' ಎಂದು ಬಣ್ಣಿಸಿರುವುದನ್ನು ಓದುವಾಗ ಈ ಸಂಗತಿಗಳನ್ನು ಮರೆಯುವುದು ನನಗಂತೂ ಸಾಧ್ಯವಾಗಿಲ್ಲ.

ನೋಟಕ್ಕಾದರೆ ಮೊದಲ ಇನ್ನೂರು ವರ್ಷಗಳ ಈ ನಾಣ್ಯಗಳು ಸುಂದರವೇನೂ ಅಲ್ಲ. ಬೆಳ್ಳಿಯನ್ನು ಕರಗಿಸಿ ಪಟ್ಟಿಯಾಗಿ ಎರೆಯುವುದು, ಪಟ್ಟಿಯಿಂದ ತುಂಡು ಕತ್ತರಿಸುವುದು, ತೂಕ ಹೆಚ್ಚಾದರೆ ಅಂಚನ್ನು ಮತ್ತೆ ಕತ್ತರಿಸುವುದು, ಕೆಳಗಿನ ಅಚ್ಚಿಗೂ ಮೇಲಿನ ಅಚ್ಚಿಗೂ ನಡುವೆ ಅದನ್ನಿಟ್ಟು ಸುತ್ತಿಗೆಯಿಂದ ಹೊಡೆಯುವುದು: ಇಷ್ಟೇ ವಿಧಾನ. ತೂಕ ಸರಿಯಿದ್ದರೆ ಸಾಕು, ಆಕಾರವನ್ನು ಕೇಳುವವರಿರಲಿಲ್ಲ. ಆದುದರಿಂದ ನಾಣ್ಯಗಳು ಒಡೆದ ಹೆಂಚಿನ ಚೂರುಗಳಂತೆ ಐದು ಮೂಲೆ ಆರು ಮೂಲೆಗಳಾಗಿ ಕಾಣುತ್ತವೆ. ಅಚ್ಚು ತುಂಡಿಗಿಂತ ದೊಡ್ಡದಾಗಿದ್ದುದರಿಂದ ಬರಹದ ಅರ್ಧಭಾಗ ನಾಣ್ಯದ ಹೊರಗೇ ಉಳಿದುಹೋಯಿತು. ಒಂದರಲ್ಲಿ ರಾಜನ ಹೆಸರಿನ ಎರಡು ಅಕ್ಷರ ಕಂಡರೆ ಇನ್ನೊಂದರಲ್ಲಿ ಇಸವಿಯ ಕೊನೆಯ ಅಂಕಿ ಮಾತ್ರ ಕಾಣುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಇವಕ್ಕೆ 'ಮಾಕುಕಿನಾ' ಎಂದು ಹೆಸರು. ಅಪರೂಪಕ್ಕೆ ರಾಜನಿಗೆ ಒಪ್ಪಿಸುವುದಕ್ಕೆಂದು ದುಂಡಗೆ, ಬರಹವೆಲ್ಲ ಪೂರ್ಣವಾಗಿ ಮೂಡುವಂತೆ ಕೆಲವನ್ನು ಹೊಡೆಯುತ್ತಿದ್ದರು. ಇಂತಹ ಒಂದನ್ನು ಪಡೆಯಲು ಸಂಗ್ರಾಹಕರು ಇಡೀ ಪೆಟ್ಟಿಗೆಯನ್ನೇ ಮಾರಲು ಸಿದ್ಧರಿರುತ್ತಾರೆ.

ಹಾಗಾದರೆ ಸಾಮಾನ್ಯವಾದ ಚೂರಿನಲ್ಲಿ ಸಂಗ್ರಾಹಕನು ಹುಡುಕುವುದೇನು? ಎರಡು ಚಿಕ್ಕ ಗುರುತುಗಳನ್ನು. ಒಂದು ಟಂಕಸಾಲೆಯದು. 'ಎಂ' ಅಕ್ಷರದ ಮೇಲೆ ಪುಟ್ಟ ಸೊನ್ನೆಯಿದ್ದರೆ ಮೆಕ್ಸಿಕೊ, 'ಪಿ' ಇದ್ದರೆ ಪೊಟೊಸಿ, 'ಎಲ್' ಇದ್ದರೆ ಲೀಮಾ. ಇನ್ನೊಂದು, ಲೋಹವನ್ನು ಪರೀಕ್ಷಿಸಿದ ಅಧಿಕಾರಿಯ ಹೆಸರಿನ ಅಕ್ಷರ. ನಮ್ಮ ಹಳೆಯ ಮಾತಿನಲ್ಲಿ ಹೇಳುವುದಾದರೆ ಆತನೇ ಚಿನಿವಾರ. ಬೆಳ್ಳಿಯ ಚೂರನ್ನು ತೂಗಿ, ಸೀಸದೊಡನೆ ಮೂಳೆಬೂದಿಯ ಬಟ್ಟಲಿನಲ್ಲಿ ಪುಟಕ್ಕೆ ಹಾಕಿದರೆ ಬೆರಕೆಯೆಲ್ಲ ಬಟ್ಟಲಿಗೆ ಇಳಿದು ಚೊಕ್ಕ ಬೆಳ್ಳಿಯ ಗುಂಡು ಉಳಿಯುತ್ತದೆ. ಅದನ್ನು ಮತ್ತೆ ತೂಗಿದರೆ ಶುದ್ಧಿ ಎಷ್ಟೆಂದು ತಿಳಿಯುತ್ತದೆ. ಹೀಗೆ ನೋಡಿದವನು 'ಇದಕ್ಕೆ ನಾನು ಹೊಣೆ' ಎಂದು ತನ್ನ ಅಕ್ಷರವನ್ನು ಅಚ್ಚಿನಲ್ಲಿ ಕೊರೆಸುತ್ತಿದ್ದನು. ರಾಜನ ಹೆಸರು ಅರ್ಧವಾದರೂ ಚಿಂತೆಯಿಲ್ಲ, ಈ ಅಕ್ಷರ ಕಾಣಬೇಕು. ಯಾವ ಚಿನಿವಾರನು ಯಾವ ವರ್ಷದಿಂದ ಯಾವ ವರ್ಷದವರೆಗೆ ಕೆಲಸದಲ್ಲಿದ್ದನೆಂದು ದಫ್ತರಗಳಿಂದ ತಿಳಿದರೆ ಇಸವಿಯಿಲ್ಲದ ನಾಣ್ಯಕ್ಕೂ ಕಾಲವನ್ನು ಹೇಳಬಹುದು.

ಈ ಅಕ್ಷರದ ಬೆಲೆ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಾನು ಮೊದಲನೆಯ ವರ್ಷದ ಬಿ.ಎ. ತರಗತಿಗೆ ಸೇರುವಾಗ ಅಮ್ಮನ ಓಲೆಗಳನ್ನು ಗಿರವಿ ಇಡಬೇಕಾಯಿತು. ಅಂಗಡಿಯವರು ಓಲೆಯನ್ನು ಒರೆಗಲ್ಲಿಗೆ ಉಜ್ಜಿ, ಕಲ್ಲನ್ನು ಬೆಳಕಿಗೆ ಹಿಡಿದು, "ಚಿನ್ನ ಸ್ವಲ್ಪ ಕಡಮೆ ಇದೆ, ತಾಯಿ" ಎಂದರು. ಅಮ್ಮ ಏನೂ ಹೇಳಲಿಲ್ಲ. ನಾನೂ ಕಲ್ಲನ್ನು ನೋಡಿದೆ. ಹಳದಿಯ ಗೆರೆಯೊಂದು ಕಂಡಿತೇ ಹೊರತು ಅದು ಹೆಚ್ಚೋ ಕಡಮೆಯೋ ನನಗೆ ತಿಳಿಯುವುದೆಂತು? ಅವರು ಹೇಳಿದ್ದು ನಿಜವಿದ್ದರೂ ಇರಬಹುದು. ಬರೆದುಕೊಟ್ಟ ಚೀಟಿಯಲ್ಲಿ ಮಾತ್ರ ತೂಕ ಇತ್ತು, ಒರೆಯ ಮಾತು ಇರಲಿಲ್ಲ. ಕಲ್ಲನ್ನು ಓದಬಲ್ಲವನ ಮುಂದೆ ಓದಲಾರದವನು ಹೇಗೆ ನಿಲ್ಲುತ್ತಾನೆಂಬುದು ಅಂದು ಗೊತ್ತಾಯಿತು. ಲೋಹವನ್ನು ನೋಡಿ ಹೇಳಿದವನು ತನ್ನ ಹೆಸರನ್ನು ಅದರ ಮೇಲೆಯೇ ಇಡಬೇಕೆಂಬ ಕಟ್ಟಳೆಯನ್ನು ಆಮೇಲೆ ಓದಿದಾಗ ನನಗೆ ಅದು ಒಣ ವಿವರವೆನಿಸಲಿಲ್ಲ.

ಕಟ್ಟಳೆಯಿದ್ದ ಮಾತ್ರಕ್ಕೆ ವಂಚನೆ ನಿಲ್ಲುವುದೇ? ೧೬೪೦ರ ದಶಕದಲ್ಲಿ ಪೊಟೊಸಿಯ ನಾಣ್ಯಗಳಲ್ಲಿ ಬೆಳ್ಳಿ ಕಡಮೆ, ತಾಮ್ರ ಹೆಚ್ಚು ಎಂಬ ದೂರುಗಳು ಯೂರೋಪಿನಲ್ಲಿ ಎದ್ದವು. ವಿಚಾರಣೆಗೆಂದು ಫ್ರಾನ್ಸಿಸ್ಕೊ ಡೆ ನೆಸ್ತಾರೆಸ್ ಮಾರಿನ್ ಎಂಬ ಅಧಿಕಾರಿಯನ್ನು ರಾಜನು ಕಳುಹಿಸಿದನು. ಬೆಳ್ಳಿಯ ದೊಡ್ಡ ವರ್ತಕನಾದ ಫ್ರಾನ್ಸಿಸ್ಕೊ ಗೋಮೆಸ್ ಡೆ ಲಾ ರೋಚಾ ಮತ್ತು ಚಿನಿವಾರನಾದ ಫೆಲಿಪೆ ರಾಮಿರೆಸ್ ಡೆ ಅರೆಯಾನೊ ಕೂಡಿ ಮಾಡಿದ ಕಲಬೆರಕೆ ಹೊರಬಿದ್ದಿತು. ೧೬೫೦ರಲ್ಲಿ ಇಬ್ಬರಿಗೂ ಮರಣದಂಡನೆಯಾಯಿತು. ಆದರೆ ಅಷ್ಟರಲ್ಲಿ ಆ ನಾಣ್ಯಗಳು ಲೋಕವೆಲ್ಲ ಹರಡಿದ್ದುವು. ಹಳೆಯ ನಾಣ್ಯಗಳ ಬೆಲೆಯನ್ನು ಇಳಿಸಿದರು. ತಕ್ಕಮಟ್ಟಿಗೆ ಸರಿಯಾದವುಗಳ ಮೇಲೆ ಕಿರೀಟದ ಸಣ್ಣ ಮುದ್ರೆಯನ್ನೊತ್ತಿ ಎಂಟು ರೆಯಾಲಿಗೆ ಏಳೂವರೆ ಎಂದು ಗೊತ್ತುಮಾಡಿದರು. ಈ ನಷ್ಟ ಯಾರ ತಲೆಯ ಮೇಲೆ ಬಿದ್ದಿರಬೇಕು? ಒರೆಗಲ್ಲು, ತಕ್ಕಡಿಗಳಿದ್ದವರ ಮೇಲಲ್ಲ. ನಾಲ್ಕು ನಾಣ್ಯಗಳನ್ನು ಬಟ್ಟೆಯಲ್ಲಿ ಗಂಟುಹಾಕಿಟ್ಟುಕೊಂಡವರ ಮೇಲೆ. ೧೬೫೨ರಲ್ಲಿ ಪೊಟೊಸಿಯ ಅಚ್ಚನ್ನೇ ಬದಲಾಯಿಸಿ, ಸಮುದ್ರದ ಅಲೆಗಳ ಮೇಲೆ ಎರಡು ಕಂಬಗಳಿರುವ ಹೊಸ ಚಿತ್ರವನ್ನು ತಂದರು. ಅದರಲ್ಲಿ ಇಸವಿ, ಟಂಕಸಾಲೆಯ ಗುರುತು, ಚಿನಿವಾರನ ಅಕ್ಷರ ಇವೆಲ್ಲ ಒಂದಕ್ಕಿಂತ ಹೆಚ್ಚು ಕಡೆ ಬರುತ್ತವೆ. ಅಚ್ಚು ಓರೆಯಾಗಿ ಬಿದ್ದರೂ ಎಲ್ಲಿಯಾದರೊಂದು ಕಡೆ ಅಕ್ಷರ ಸಿಕ್ಕೇ ಸಿಗುತ್ತದೆ. ಇಂದು ಸಂಗ್ರಾಹಕರು ೧೬೪೯ರಿಂದ ೧೬೫೨ರವರೆಗಿನ ಈ ನಾಲ್ಕು ವರ್ಷಗಳ ನಾಣ್ಯಗಳಿಗಾಗಿ ಪೈಪೋಟಿ ನಡೆಸುತ್ತಾರೆ. ಕಿರೀಟದ ಮುದ್ರೆಯುಳ್ಳ ಬಹಳಷ್ಟು ನಾಣ್ಯಗಳು ೧೬೫೪ರಲ್ಲಿ ಈಗಿನ ಎಕ್ವಡೊರ್ ದೇಶದ ತೀರದಲ್ಲಿ ಮುಳುಗಿ, ೧೯೯೦ರ ದಶಕದಲ್ಲಿ ಮೇಲೆತ್ತಲ್ಪಟ್ಟ ಹಡಗೊಂದರಿಂದ ಬಂದವು.

ಅಕ್ಷರ ಹೇಗೆ ಸಾಕ್ಷಿಯಾಗುವುದೆಂಬುದಕ್ಕೆ ಮೆಕ್ಸಿಕೊದ ಇನ್ನೊಂದು ಪ್ರಸಂಗವಿದೆ. ಅಲ್ಲಿಯ ಟಂಕಸಾಲೆಯ ಬಗ್ಗೆ ೧೫೪೫ರಲ್ಲಿ ನಡೆದ ವಿಚಾರಣೆಯಲ್ಲಿ, ಮೊದಲ ಚಿನಿವಾರ ರಿಂಕಾನ್ ಎಂಬಾತನ ಕಾಲದಲ್ಲಿ, ೧೫೩೮ರಲ್ಲಿ, ಎಂಟು ರೆಯಾಲಿನ ನಾಣ್ಯವನ್ನು ಸ್ವಲ್ಪ ಕಾಲ ಹೊಡೆದು, ಕಷ್ಟವಾದುದರಿಂದ ಬಿಟ್ಟೆವೆಂದು ಸಾಕ್ಷಿಗಳು ಹೇಳಿದ್ದರು. ಆದರೆ ಅಂತಹ ನಾಣ್ಯ ಯಾರ ಬಳಿಯೂ ಇರಲಿಲ್ಲ. ೧೯೯೦ರ ದಶಕದಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಮುಳುಗಿದ್ದ ಹಡಗಿನ ಅವಶೇಷದಲ್ಲಿ 'ಆರ್' ಅಕ್ಷರವುಳ್ಳ ಎಂಟು ರೆಯಾಲಿನ ನಾಣ್ಯಗಳು ಸಿಕ್ಕಿದವು. ಲೋಕದಲ್ಲಿ ಇಂದು ತಿಳಿದಿರುವುದು ಮೂರೇ. ನಾನೂರೈವತ್ತು ವರ್ಷ ಹಳೆಯ ಸಾಕ್ಷಿಯ ಮಾತನ್ನು ಬೆಳ್ಳಿಯ ಮೂರು ಬಿಲ್ಲೆಗಳು ಬಂದು ಹೌದೆಂದವು.

ಕೋಟಿಗಟ್ಟಲೆ ಹೊಡೆದ ನಾಣ್ಯಗಳು ಇಂದು ಅಪರೂಪವಾದುದು ಹೇಗೆ ಎಂದು ವಾಚಕರು ಕೇಳಬಹುದು. ಉತ್ತರದ ಒಂದು ಭಾಗ ನಮ್ಮ ದೇಶದಲ್ಲಿಯೇ ಇದೆ. ಯೂರೋಪಿನವರು ಇಲ್ಲಿಯ ಬಟ್ಟೆ, ಮೆಣಸು, ನೀಲಿಗಳಿಗೆ ಬದಲಾಗಿ ಕೊಡಲು ತಮ್ಮಲ್ಲಿ ಬೇರೇನೂ ಹೆಚ್ಚಾಗಿ ಇಲ್ಲದ್ದರಿಂದ ರೆಯಾಲುಗಳನ್ನು ತಂದರು. ಮೊಗಲರ ರಾಜ್ಯದಲ್ಲಿ ಪರದೇಶದ ನಾಣ್ಯ ಹಾಗೆಯೇ ನಡೆಯುತ್ತಿರಲಿಲ್ಲ. ಸೂರತ್ತಿನ ಟಂಕಸಾಲೆಗೆ ಒಯ್ದು, ಕೂಲಿ ತೆತ್ತು, ರೂಪಾಯಿ ಮಾಡಿಸಿಕೊಳ್ಳಬೇಕಾಗಿತ್ತು. ಮೊಗಲರ ರೂಪಾಯಿ ರೆಯಾಲಿಗಿಂತಲೂ ಚೊಕ್ಕವಾದುದರಿಂದ ಸ್ಪೇನಿನ ಬೆಳ್ಳಿಯನ್ನು ಮತ್ತೆ ಶುದ್ಧಮಾಡಬೇಕಾಗಿತ್ತು. ಹೀಗೆ ಪೊಟೊಸಿಯ ಬೆಟ್ಟದ ಬೆಳ್ಳಿ ಶಹಜಹಾನನ ಮತ್ತು ಔರಂಗಜೇಬನ ಹೆಸರು ಹೊತ್ತು ನಮ್ಮ ಸಂತೆಗಳಲ್ಲಿ ನಡೆಯಿತು. ಚಿನಿವಾರನ ಅಕ್ಷರ ಮೂಸೆಯಲ್ಲಿ ಕರಗಿತು.

ಮದರಾಸಿನಲ್ಲಿ ಇನ್ನೊಂದು ಬಗೆ ನಡೆಯಿತು. ೧೮೦೭ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯ ಟಂಕಸಾಲೆಯು ದೊಡ್ಡ ಬೆಳ್ಳಿಯ ನಾಣ್ಯಗಳನ್ನು ಹೊರಡಿಸಿದಾಗ ಕೆಲವನ್ನು ಸ್ಪ್ಯಾನಿಷ್ ಡಾಲರುಗಳ ಮೇಲೆಯೇ ಅಚ್ಚೊತ್ತಿ ಮಾಡಿತು. ಅದೇ ಸರಣಿಯ ಅರ್ಧ ವರಹದ ಬೆಳ್ಳಿಯ ನಾಣ್ಯದಲ್ಲಿ ಒಂದು ಕಡೆ ದೇವಾಲಯದ ಗೋಪುರ, ಇನ್ನೊಂದು ಕಡೆ ವಿಷ್ಣುವಿನ ವಿಗ್ರಹ. ಬರಹ ತಮಿಳು ತೆಲುಗುಗಳಲ್ಲಿಯೂ ಇದೆ. ಡಾಲರಿನ ಮೇಲೆ ಹೊಡೆದ ನಾಣ್ಯಗಳಲ್ಲಿ ಕೆಲವೊಮ್ಮೆ ಹೊಸ ಅಚ್ಚಿನ ಅಡಿಯಲ್ಲಿ ಹಳೆಯದರ ಗೆರೆಗಳು ಇಣುಕುತ್ತವೆ. ಬರಿಗಣ್ಣಿಗೆ ಅದು ಕೆಟ್ಟ ಅಚ್ಚು. ತಿಳಿದವನಿಗೆ ಅದೇ ಬೇಕಾದುದು.

ಮದರಾಸಿನಿಂದಲೇ ಹೋದ ೪೦,೦೦೦ ಸ್ಪ್ಯಾನಿಷ್ ಡಾಲರುಗಳ ಕಥೆಯನ್ನಂತೂ ಹೇಳದೆ ಬಿಡಲಾಗದು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಸಾಹತಿನಲ್ಲಿ ಹಣದ ಬರವಿದ್ದುದರಿಂದ ಅವು ಸಮರಾಂಗ್ ಎಂಬ ಹಡಗಿನಲ್ಲಿ ೧೮೧೨ರ ನವೆಂಬರಿನಲ್ಲಿ ಸಿಡ್ನಿಗೆ ತಲಪಿದುವು. ಹಾಗೆಯೇ ಬಿಟ್ಟರೆ ವರ್ತಕರು ಹೊರದೇಶಕ್ಕೆ ಸಾಗಿಸಿಬಿಡುವರೆಂದು ಗವರ್ನರ್ ಮ್ಯಾಕ್ವಾರಿ ಪ್ರತಿಯೊಂದು ಡಾಲರಿಗೂ ನಡುವೆ ತೂತು ಹೊಡೆಸಿದನು. ಬಳೆಯಂತೆ ಉಳಿದುದಕ್ಕೆ ಐದು ಷಿಲಿಂಗ್, ನಡುವಿನಿಂದ ಬಿದ್ದ ಬಿಲ್ಲೆಗೆ ಹದಿನೈದು ಪೆನ್ಸ್ ಬೆಲೆ. ಈ ಕೆಲಸಕ್ಕೆ ಸಿಕ್ಕಿದವನು ವಿಲಿಯಂ ಹೆನ್ಶಲ್. ನಕಲಿ ಹಣದ ಅಪರಾಧಕ್ಕಾಗಿಯೇ ಅಲ್ಲಿಗೆ ಗಡೀಪಾರಾಗಿ ಬಂದವನು! ಕಳ್ಳನಾಣ್ಯದವನನ್ನು ಕರೆದು ಸರ್ಕಾರಿ ನಾಣ್ಯ ಮಾಡಿಸಿದರು. ಆತನೂ ತನ್ನ ಹೆಸರಿನ 'ಎಚ್' ಅಕ್ಷರವನ್ನು ಕೆಲವು ಅಚ್ಚುಗಳಲ್ಲಿ ಸಣ್ಣದಾಗಿ ಸೇರಿಸಿಯೇ ಬಿಟ್ಟನು. ಈ ತೂತಿನ ಡಾಲರುಗಳಲ್ಲಿ ಇಂದು ಉಳಿದಿರುವುವು ಸುಮಾರು ೩೦೦.

ಇನ್ನು ಯಂತ್ರದಿಂದ ಹೊಡೆದ ನಾಣ್ಯಗಳ ಕಾಲ. ೧೭೩೨ರಲ್ಲಿ ಮೆಕ್ಸಿಕೊದಲ್ಲಿ ತಿರುಪು ಯಂತ್ರದಿಂದ ದುಂಡಾದ ಡಾಲರುಗಳನ್ನು ಹೊರಡಿಸಿದರು. ಅಲೆಗಳ ಮೇಲೆ ಎರಡು ಭೂಗೋಲಗಳು, ಅವುಗಳ ಎರಡು ಕಡೆ ಹರ್ಕ್ಯುಲೀಸನ ಕಂಬಗಳು, ಸುತ್ತಲೂ ಲ್ಯಾಟಿನ್ನಿನಲ್ಲಿ 'ಎರಡೂ ಒಂದೇ' ಎಂಬ ಬರಹ. ಹಳೆಯ ಲೋಕ ಹೊಸ ಲೋಕಗಳು ಒಂದೇ ಎಂದು ಅರ್ಥವಂತೆ. ಇದನ್ನು ಒಂದು ಕಡೆಯವರು ಮಾತ್ರ ಹೇಳಿದರೆಂಬುದು ಬೇರೆ ಮಾತು. ಅಂಚನ್ನು ಕತ್ತರಿಸಿ ಬೆಳ್ಳಿ ಕದಿಯದಂತೆ ಅಂಚಿನ ಸುತ್ತ ಎಲೆಗಳ ಸಾಲನ್ನು ಕೊರೆದರು. ತೂಕ ೨೭.೦೭ ಗ್ರಾಂ, ಶುದ್ಧಿ ಸಾವಿರಕ್ಕೆ ೯೧೭. ಮೊದಲ ವರ್ಷವಾದ ೧೭೩೨ರ ನಾಣ್ಯಗಳು ಬಲು ಅಪರೂಪ. ೧೭೭೨ರಲ್ಲಿ ಕಂಬಗಳ ಚಿತ್ರ ಹಿಂದಕ್ಕೆ ಸರಿದು ರಾಜನ ಮುಖ ಮುಂದಕ್ಕೆ ಬಂದಿತು.

ಮುಖ ಬಂದದ್ದು ಎಲ್ಲರಿಗೂ ಕಂಡಿತು. ಕಾಣದ್ದು ಇನ್ನೊಂದಿತ್ತು. ಅದೇ ಸಮಯದಲ್ಲಿ ಮೂರನೆಯ ಚಾರ್ಲ್ಸ್ ರಾಜನು ಟಂಕಸಾಲೆಗಳಿಗೆ ಗುಟ್ಟಾಗಿ ಆಜ್ಞೆ ಕಳುಹಿಸಿ ಬೆಳ್ಳಿಯ ಶುದ್ಧಿಯನ್ನು ೯೦೩ಕ್ಕೆ ಇಳಿಸಿದನು. ೧೭೮೬ರಲ್ಲಿ ಮತ್ತೆ ಗುಟ್ಟಾಗಿಯೇ ೮೯೬ಕ್ಕೆ. ಬಂಗಾರವೂ ಹೀಗೆಯೇ ೯೧೭ರಿಂದ ೯೦೧ಕ್ಕೆ, ಅನಂತರ ೮೭೫ಕ್ಕೆ ಇಳಿಯಿತು. ಚಿನಿವಾರರ ಅಕ್ಷರಗಳು ಮಾತ್ರ ಎಂದಿನಂತೆ ನಾಣ್ಯದ ಮೇಲೆ ನಿಂತಿದ್ದುವು. ಪೊಟೊಸಿಯಲ್ಲಿ ವರ್ತಕನೂ ಚಿನಿವಾರನೂ ಮಾಡಿದಾಗ ಮರಣದಂಡನೆಯಾದ ಕೆಲಸ, ಅರಸನ ಆಜ್ಞೆಯಿಂದಾದಾಗ ರಾಜನೀತಿಯಾಯಿತು. ವ್ಯತ್ಯಾಸ ಪ್ರಮಾಣದಲ್ಲಿ ಸಣ್ಣದೆಂದು ವಾದಿಸುವವರಿದ್ದಾರೆ. ನನಗೆ ಆ ವಾದ ರುಚಿಸುವುದಿಲ್ಲ. ಒರೆಯ ಮಾತು ಗುಟ್ಟಾದ ಮೇಲೆ ಸಣ್ಣದು ದೊಡ್ಡದು ಎಂದು ಹೇಳುವವರಾರು?

ಬಂಗಾರದ ವಿಷಯ ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. ಎಂಟು ಎಸ್ಕೂಡೊಗಳ ದೊಡ್ಡ ಬಂಗಾರದ ನಾಣ್ಯ ೨೭ ಗ್ರಾಮಿನಷ್ಟು ತೂಗುತ್ತದೆ. ವಸಾಹತುಗಳಲ್ಲಿ ಬಂಗಾರದ ನಾಣ್ಯ ಹೊಡೆಯುವುದು ತಡವಾಗಿ ಆರಂಭವಾಯಿತು: ಬೊಗೊಟಾದಲ್ಲಿ ೧೬೨೨ರಲ್ಲಿ, ಮೆಕ್ಸಿಕೊದಲ್ಲಿ ೧೬೭೯ರಲ್ಲಿ. ನೆಲದ ಮೇಲಿದ್ದ ಬಂಗಾರವೆಲ್ಲ ಕರಗಿ ಬೇರೆ ನಾಣ್ಯವೋ ಒಡವೆಯೋ ಆಯಿತು. ಉಳಿದದ್ದು ಹೆಚ್ಚಾಗಿ ಕಡಲಿನ ತಳದಲ್ಲಿ. ೧೭೧೫ರ ಜುಲೈ ಕೊನೆಯಲ್ಲಿ ಹವಾನಾದಿಂದ ಸ್ಪೇನಿಗೆ ಹೊರಟ ಹಡಗುಗಳ ತಂಡವೊಂದು ಫ್ಲಾರಿಡಾದ ತೀರದಲ್ಲಿ ಚಂಡಮಾರುತಕ್ಕೆ ಸಿಕ್ಕಿ ಹನ್ನೊಂದು ಹಡಗುಗಳು ನಾಶವಾದುವು; ಸಾವಿರದಷ್ಟು ಜನ ಸತ್ತರು. ಬಿರುಗಾಳಿಯ ಮರುದಿನ ಆ ತೀರದ ಮರಳಿನಲ್ಲಿ ನಾಣ್ಯ ಹೆಕ್ಕುವವರು ಇಂದಿಗೂ ಇದ್ದಾರೆ. ಉಪ್ಪುನೀರು ಬೆಳ್ಳಿಯನ್ನು ತಿಂದು ಕಪ್ಪು ಹೆಂಟೆ ಮಾಡುತ್ತದೆ, ಬಂಗಾರವನ್ನು ಮುಟ್ಟುವುದಿಲ್ಲ. ಮುನ್ನೂರು ವರ್ಷ ನೀರಿನಲ್ಲಿದ್ದ ಎಸ್ಕೂಡೊ ನಿನ್ನೆ ಹೊಡೆದಂತೆ ಹೊಳೆಯುತ್ತದೆ.

೧೬೨೨ರ ಸೆಪ್ಟೆಂಬರಿನಲ್ಲಿ ಮುಳುಗಿದ ಅಟೋಚಾ ಎಂಬ ಹಡಗನ್ನು ಮೆಲ್ ಫಿಷರ್ ಎಂಬಾತನು ಹದಿನಾರು ವರ್ಷ ಹುಡುಕಿದನು. ೧೯೭೫ರ ಜುಲೈಯಲ್ಲಿ ಆತನ ಮಗ, ಸೊಸೆ ಮತ್ತು ಇನ್ನೊಬ್ಬ ಮುಳುಗುಗಾರ ಅದೇ ಹುಡುಕಾಟದಲ್ಲಿ ಪ್ರಾಣ ಕಳೆದುಕೊಂಡರು. ೧೯೮೫ರ ಜುಲೈ ೨೦ರಂದು ನಿಧಿಯ ಮುಖ್ಯ ರಾಶಿ ಸಿಕ್ಕಿತು. ಲಕ್ಷಕ್ಕೂ ಹೆಚ್ಚು ಬೆಳ್ಳಿಯ ನಾಣ್ಯಗಳು. ಒಂದೊಂದಕ್ಕೂ ಅಂಕಿ ಹಾಕಿ, ಪ್ರಮಾಣಪತ್ರ ಬರೆದು ಮಾರಿದರು. ಆ ಪತ್ರ ಕಳೆದುಹೋದರೆ ನಾಣ್ಯದ ಬೆಲೆ ಇಳಿದುಹೋಗುತ್ತದೆ. ಲೋಹ ಅದೇ, ಅಕ್ಷರ ಅದೇ. ಆದರೆ ಅದು ಎಲ್ಲಿಂದ ಬಂದಿತೆಂದು ಹೇಳುವವರಿಲ್ಲ.

ಇಲ್ಲಿ ಸಂಗ್ರಹದ ಕೆಲವು ಕಟ್ಟುಪಾಡುಗಳನ್ನು ಹೇಳಬೇಕು. ನಕಲಿ ನಾಣ್ಯಗಳು ಇಂದಿನವು ಮಾತ್ರವಲ್ಲ. ಡಾಲರು ಚಲಾವಣೆಯಲ್ಲಿದ್ದಾಗಲೇ ತಾಮ್ರಕ್ಕೆ ಬೆಳ್ಳಿ ಲೇಪಿಸಿದವು ಬೇಕಾದಷ್ಟಿದ್ದುವು. ಮೊದಲನೆಯ ಪರೀಕ್ಷೆ ತಕ್ಕಡಿ. ಎರಡನೆಯದು ನೀರಿನಲ್ಲಿ ತೂಗಿ ಸಾಂದ್ರತೆ ತಿಳಿಯುವುದು, ನಾವು ಪ್ರೌಢಶಾಲೆಯಲ್ಲಿ ಆರ್ಕಿಮಿಡೀಸನ ಹೆಸರಿನಲ್ಲಿ ಮಾಡಿದ್ದೇ. ಯಂತ್ರದ ಡಾಲರಾದರೆ ಮುಖಕ್ಕಿಂತ ಅಂಚನ್ನು ಮೊದಲು ನೋಡಬೇಕು. ಎರಕದ ನಕಲಿಯಲ್ಲಿ ಅಂಚಿನ ಸುತ್ತ ಬೆಸುಗೆಯಂತಹ ಗೆರೆ, ಮೈಮೇಲೆ ಗುಳ್ಳೆಗಳ ಗುಳಿ ಕಾಣುತ್ತವೆ. ಇಸವಿಗೂ ಚಿನಿವಾರನ ಅಕ್ಷರಕ್ಕೂ ಹೊಂದಿಕೆಯಿಲ್ಲದಿದ್ದರೆ ಸಂಶಯಪಡಬೇಕು. ನಕಲು ಮಾಡುವವನು ರಾಜನ ಮೂಗನ್ನು ಚೆನ್ನಾಗಿ ತಿದ್ದುತ್ತಾನೆ, ಅಕ್ಷರದಲ್ಲಿ ಎಡವುತ್ತಾನೆ.

ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ನಾಣ್ಯವನ್ನು ಉಜ್ಜಬಾರದು. ನಮ್ಮ ಮನೆಗಳಲ್ಲಿ ಹುಣಿಸೆಹಣ್ಣು, ಬೂದಿ ಹಾಕಿ ಪಾತ್ರೆ ಬೆಳಗುವ ಅಭ್ಯಾಸ. ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಹಾಗೆ ಬೆಳಗಿದ ನಾಣ್ಯ ಹೊಳೆಯುತ್ತದೆ, ಆದರೆ ಅದರ ಮೈಯ ಗೆರೆಗಳು ಸವೆದುಹೋಗುತ್ತವೆ. ಅನುಭವಸ್ಥನು ಅಂಥದನ್ನು ಕಂಡೊಡನೆ ಕೆಳಗಿಡುತ್ತಾನೆ. ಕಡಲಿನಿಂದ ಬಂದ ಬೆಳ್ಳಿಯನ್ನು ವಿದ್ಯುತ್ತಿನ ಸಹಾಯದಿಂದ ನಿಧಾನವಾಗಿ ಶುದ್ಧಿಮಾಡುವ ಕ್ರಮವಿದೆ, ಅದು ಬಲ್ಲವರ ಕೆಲಸ.

ಕೊನೆಯದಾಗಿ, ಇಂತಹ ನಾಣ್ಯಗಳು ಯಾರವು ಎಂಬ ಪ್ರಶ್ನೆ. ೧೮೦೪ರ ಅಕ್ಟೋಬರ್ ೫ರಂದು ಮೆರ್ಸೆಡಿಸ್ ಎಂಬ ಸ್ಪೇನಿನ ಯುದ್ಧನೌಕೆ ಬ್ರಿಟಿಷರ ಗುಂಡಿಗೆ ಸಿಡಿದು ಪೋರ್ಚುಗಲ್ಲಿನ ದಕ್ಷಿಣಕ್ಕೆ ಮುಳುಗಿತು. ಸುಮಾರು ೨೫೦ ಜನ ಸತ್ತರು. ಅಮೆರಿಕದ ಖಾಸಗಿ ಸಂಸ್ಥೆಯೊಂದು ೨೦೦೭ರಲ್ಲಿ ಅದರಿಂದ ಆರು ಲಕ್ಷದಷ್ಟು ನಾಣ್ಯಗಳನ್ನು ಮೇಲೆತ್ತಿ ವಿಮಾನದಲ್ಲಿ ಫ್ಲಾರಿಡಾಕ್ಕೆ ಸಾಗಿಸಿತು. ಸ್ಪೇನ್ ಮೊಕದ್ದಮೆ ಹೂಡಿತು. ಅಮೆರಿಕದ ನ್ಯಾಯಾಲಯಗಳೇ ಸ್ಪೇನಿನ ಪರವಾಗಿ ತೀರ್ಪಿತ್ತು, ೨೦೧೨ರ ಫೆಬ್ರುವರಿಯಲ್ಲಿ ಹದಿನೇಳು ಟನ್ ನಾಣ್ಯಗಳು ಹಿಂದಿರುಗಿದುವು. ಅವೀಗ ಕಾರ್ಟಜೀನಾ ನಗರದ ವಸ್ತುಸಂಗ್ರಹಾಲಯದಲ್ಲಿವೆ. ನಾಣ್ಯಗಳಲ್ಲಿ ಹೆಚ್ಚಿನವು ಲೀಮಾದಲ್ಲಿ ಹೊಡ���ದವೆಂದು ಪೆರು ದೇಶವೂ ಹಕ್ಕು ಕೇಳಿತ್ತು. ಅದರ ಮಾತು ನಡೆಯಲಿಲ್ಲ. ಬೆಟ್ಟದಲ್ಲಿ ಅದುರು ಹೊತ್ತವರ ಮಕ್ಕಳು ಮೊಮ್ಮಕ್ಕಳ ಹಕ್ಕನ್ನು ತೂಗುವ ತಕ್ಕಡಿ ಆ ನ್ಯಾಯಾಲಯದಲ್ಲಿ ಇರಲಿಲ್ಲ. ಇಷ್ಟಾದರೂ, ಹರಾಜಿನಲ್ಲಿ ಒಂದೊಂದಾಗಿ ಚದರಿಹೋಗುವುದಕ್ಕಿಂತ ಒಟ್ಟಾಗಿ ಒಂದು ಕಡೆ ಉಳಿದು ಓದಲು ಸಿಕ್ಕುವುದು ಲೇಸೆಂದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಸಂಗ್ರಾಹಕರೂ ಇದ್ದಾರೆ. ತಾವು ಕೊಳ್ಳದಿದ್ದರೆ ಯಾರೂ ಹುಡುಕುತ್ತಲೇ ಇರಲಿಲ್ಲವೆಂಬ ಅವರ ಮಾತಿನಲ್ಲಿಯೂ ಸತ್ಯಾಂಶವಿದೆ.

ಕೊಲಂಬಿಯದ ತೀರದಲ್ಲಿ ೧೭೦೮ರಲ್ಲಿ ಮುಳುಗಿದ ಸ್ಯಾನ್ ಹೋಸೆ ಎಂಬ ಹಡಗಿನ ಬಗ್ಗೆಯೂ ಇಂತಹ ವ್ಯಾಜ್ಯ ಎದ್ದಿದೆ. ೨೦೧೫ರಲ್ಲಿ ಕಂಡುಬಂದ ಆ ಅವಶೇಷ ಸುಮಾರು ೬೦೦ ಮೀಟರ್ ಆಳದಲ್ಲಿದೆ. ಅದು ನಿಜವಾಗಿ ಸ್ಯಾನ್ ಹೋಸೆಯೇ ಎಂಬುದಕ್ಕೆ ೨೦೨೫ರಲ್ಲಿ ಪ್ರಕಟವಾದ ಸಂಶೋಧನೆಯೊಂದು ನಾಣ್ಯಗಳ ಸಾಕ್ಷ್ಯವನ್ನು ಮುಂದಿಟ್ಟಿತು. ಅದಕ್ಕಾಗಿ ಒಂದು ನಾಣ್ಯವನ್ನೂ ಮೇಲೆತ್ತಿರಲಿಲ್ಲ. ದೂರದಿಂದ ನಡೆಸುವ ಯಂತ್ರವನ್ನು ಕೆಳಗಿಳಿಸಿ, ಮರಳಿನಲ್ಲಿ ಬಿದ್ದಿದ್ದ ಬಂಗಾರದ ಬಿಲ್ಲೆಗಳ ಚಿತ್ರ ತೆಗೆದರು. ಅಲೆಗಳ ಮೇಲೆ ಎರಡು ಕಂಬಗಳು, ಲೀಮಾದ 'ಎಲ್', ಎಂಟು ಎಸ್ಕೂಡೊ ಎಂಬ ಅಂಕಿ, ೧೭೦೭ ಎಂಬ ಇಸವಿ, ಮತ್ತು ಚಿನಿವಾರ ಫ್ರಾನ್ಸಿಸ್ಕೊ ಡೆ ಹುರ್ಟಾಡೊನ 'ಎಚ್' ಅಕ್ಷರ ಸ್ಪಷ್ಟವಾಗಿ ಓದಲು ಸಿಕ್ಕಿದುವು.